ಕಮಾನಿನ ಮೇಲೊಂದು ಮನೆ

"ಈ ಸಲ ಹೋಟೆಲ್ಲೂ ಬೇಡ, ನೆಂಟರ ಮನೆಯೂ ಬೇಡ. ಒಂದು ಮನೇನೇ ಗಾಡಿ ಮೇಲೆ ಹೊತ್ಕೊಂಡು ನಿನ್ನ ಸಮುದ್ರಕ್ಕೆ ಕರ್ಕೊಂಡು ಹೋಗ್ತೀನಿ. ಹೋಗದೇ ಇದ್ರೆ ನನ್ನನ್ನ ಗಂಡ ಅಂತ ಕರೀಬೇಡ!"

ತಕ್ಕಡಿ ಸಾಹೇಬರು ಊಟದ ಮೇಜಿಗೆ ಗುದ್ದಿ ಹೀಗೆ ಘೋಷಿಸಿದಾಗ ನೀರಿನ ಲೋಟ ಹೆದರಿ ಉರುಳಿಬಿತ್ತು. ಹೆಂಡತಿ ಬಟ್ಟೆ ತಂದು ಮೇಜು ಒರೆಸಿದಳು. ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ಸಾಹೇಬರು ಮಾಡಿದ ಘೋಷಣೆಗಳು ಒಂದೆರಡಲ್ಲ, ಆಕೆ ಮೇಜು ಒರೆಸಿದ್ದೂ ಒಂದೆರಡು ಸಲವಲ್ಲ.

ತಕ್ಕಡಿ ಸಾಹೇಬರು ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಲಾರಿ ಡ್ರೈವರುಗಳು ಇಟ್ಟದ್ದು. ಸಾಹೇಬರ ಕೆಲಸ ಹೆದ್ದಾರಿ ಪಕ್ಕದ ವೇಬ್ರಿಡ್ಜಿನಲ್ಲಿ. ಲಾರಿಯನ್ನು ಸರಕಿನ ಸಮೇತ ಹತ್ತಿಸಿ ತೂಗುವ ದೊಡ್ಡ ಕಬ್ಬಿಣದ ಹಾಸು, ಪಕ್ಕದಲ್ಲೊಂದು ಕೋಣೆ, ಕೋಣೆಯ ನೆತ್ತಿಯ ಮೇಲೆ ಕೆಂಪು ಅಂಕಿಗಳ ಹಲಗೆ. ಮಿತಿಗಿಂತ ಹೆಚ್ಚು ಭಾರ ಬಂದರೆ ಹೆಚ್ಚಿನದನ್ನು ಅಲ್ಲೇ ಇಳಿಸಿ, ಚೀಟಿ ಪಡೆದು ಮುಂದೆ ಹೋಗಬೇಕು. ಇಷ್ಟೆಲ್ಲ ವ್ಯವಸ್ಥೆ ಇದ್ದರೂ ಸಾಹೇಬರು ಅದನ್ನು ಬಳಸುತ್ತಿದ್ದದ್ದು ಕಡಿಮೆ. ಕುರ್ಚಿಯಲ್ಲಿ ಒರಗಿ, ಬರುವ ಲಾರಿಯ ಹಿಂಭಾಗವನ್ನು ಅರೆಗಣ್ಣಿನಲ್ಲಿ ನೋಡುತ್ತಿದ್ದರು. ಹಿಂಭಾಗ ಕುಸಿದಿದ್ದರೆ, "ನಿಲ್ಸು! ಮುನ್ನೂರು ಕಿಲೋ ಜಾಸ್ತಿ." ನೆಟ್ಟಗಿದ್ದರೆ, "ಹೋಗು ಹೋಗು." ಹತ್ತೊಂಬತ್ತು ವರ್ಷ ಹೀಗೇ ನಡೆದಿತ್ತು. ತಮ್ಮ ಕಣ್ಣು ತಪ್ಪುವುದುಂಟು ಎಂಬ ಸಂಶಯ ಅವರಿಗೆ ಕನಸಿನಲ್ಲೂ ಬಂದಿರಲಿಲ್ಲ.

ಹೆಂಡತಿ ಓಡಿಸುತ್ತಿದ್ದದ್ದು ಶಾಲೆಯ ವ್ಯಾನು. ಹನ್ನೊಂದು ವರ್ಷದಿಂದ ಅದೇ ಒಂಬತ್ತು ಬೀದಿ, ಅದೇ ಹದಿನೇಳು ತಿರುವು, ಹಿಂದಿನ ಸೀಟಿನಲ್ಲಿ ಅದೇ ಗಲಾಟೆ. ಅವಳಿಗೆ ಇದ್ದದ್ದು ಒಂದೇ ಆಸೆ. "ಒಂದು ದಿನ ಬೆಳಗ್ಗೆ ಎದ್ದು ಬಾಗಿಲು ತೆಗೆದ್ರೆ ಎದುರಿಗೆ ಸಮುದ್ರ ಇರ್ಬೇಕು ರೀ. ಹಾರ್ನ್ ಹೊಡೆಯೋ ಹಾಗಿರ್ಬಾರ್ದು, ಯಾರನ್ನೂ ಎಣಿಸಿ ಇಳಿಸೋ ಹಾಗಿರ್ಬಾರ್ದು." ಈ ವರ್ಷ ಶಾಲೆಗೆ ಏಳು ದಿನ ರಜೆ ಬಿದ್ದಿತ್ತು. ಈ ಏಳು ದಿನ ತಪ್ಪಿದರೆ ಮತ್ತೆ ಮುಂದಿನ ವರ್ಷವೇ. ಹೀಗೆ "ಮುಂದಿನ ವರ್ಷ" ಅಂತ ಆಗಲೇ ಏಳೆಂಟು ವರ್ಷ ಕಳೆದಿತ್ತು.

ಸಾಹೇಬರು ಮನೆಯನ್ನೇ ಹೊರುತ್ತೇನೆ ಎಂದದ್ದು ಬರೀ ಬಾಯಿಮಾತಲ್ಲ. ಹೆಂಡತಿಯ ತಮ್ಮ ಬಡಗಿ. ಅಕ್ಕನ ಆಸೆ ಕೇಳಿ ಕೇಳಿ ಕರಗಿ, ಐದು ತಿಂಗಳು ಕೂತು, ಭಾವನ ಪಿಕಪ್ ಗಾಡಿಯ ಹಿಂದಿನ ತೊಟ್ಟಿಯ ಮೇಲೆ ಕೂರಿಸುವಂಥ ಪುಟ್ಟ ಮನೆಯೊಂದನ್ನು ಕಟ್ಟಿದ್ದ. ಕ್ಯಾಂಪರ್ ಅನ್ನುತ್ತಾರಲ್ಲ, ಅದು. ಒಳಗೆ ಇಬ್ಬರು ಮಲಗುವ ಮಂಚ, ಅದರ ಕೆಳಗೆ ಒಬ್ಬರು ಮಲಗುವ ಹಲಗೆ, ಒಲೆ, ಪಾತ್ರೆ ಕಪಾಟು, ನೀರಿನ ಟ್ಯಾಂಕು, ಹಿಂದೆ ಬಾಗಿಲು, ಬಾಗಿಲಿಗೆ ಪುಟ್ಟ ಮೆಟ್ಟಿಲು. ಹೊರಗಡೆ ತಿಳಿನೀಲಿ ಬಣ್ಣ ಬಳಿದು ಎಷ್ಟು ನಾಜೂಕು ಮಾಡಿದ್ದನೆಂದರೆ, ಉಫ್ ಅಂದರೆ ಹಾರಿಹೋಗುತ್ತದೇನೋ ಎನ್ನುವ ಹಾಗಿತ್ತು. ಆದರೆ ಬಣ್ಣದ ಕೆಳಗಿದ್ದದ್ದು ಗಟ್ಟಿ ಮರ. ಅವನು ಹುಟ್ಟಿದಂದಿನಿಂದ ಮಾಡಿದ್ದು ಬರೀ ಮುಂಬಾಗಿಲು ಮತ್ತು ಮಂಚ. ತೆಳ್ಳಗೆ ಮಾಡು ಎಂದರೆ ಅವನ ಕೈಯೇ ಓಡುತ್ತಿರಲಿಲ್ಲ.

"ಭಾವ, ಒಂದ್ಸಲ ತೂಕ ಹಾಕಿಸ್ಬಿಡಿ," ಎಂದ ಅವನು, ಕೈಯ ಮರದ ಪುಡಿ ಒರೆಸಿಕೊಳ್ಳುತ್ತ.

ಸಾಹೇಬರು ಕ್ಯಾಂಪರನ್ನು ಒಂದು ಸುತ್ತು ಹಾಕಿದರು. ಅರೆಗಣ್ಣು ಮಾಡಿದರು. ತಲೆ ವಾಲಿಸಿದರು.

"ಆರುನೂರು ಕಿಲೋ."

"ಇಲ್ಲ ಭಾವ, ಮರ ಸ್ವಲ್ಪ ದಪ್ಪ..."

"ಆರುನೂರು ಅಂದ್ನಲ್ಲಪ್ಪ! ಬೇಕಾದ್ರೆ ಐದು ಕಿಲೋ ಆಚೆ ಈಚೆ. ಅದೂ ನಿನ್ನ ಬಣ್ಣ ಇನ್ನೂ ಒಣಗಿಲ್ಲ ಅಂತ."

ಎಂಟು ಜನ ಸೇರಿ, ಜಾಕು ಕೊಟ್ಟು, ಮನೆಯನ್ನು ಗಾಡಿಯ ಮೇಲೆ ಕೂರಿಸಿದರು. ಕೂರಿಸಿದ ಮರುಕ್ಷಣ ಗಾಡಿ "ಅಯ್ಯಮ್ಮಾ" ಎಂಬಂತೆ ಸದ್ದು ಮಾಡಿ ಹಿಂದಕ್ಕೆ ಕುಸಿದು, ಮೂಗನ್ನು ಆಕಾಶಕ್ಕೆ ಎತ್ತಿತು. ಸಂಜೆ ಪರೀಕ್ಷೆಗೆಂದು ದೀಪ ಹಾಕಿದರೆ, ಬೆಳಕು ರಸ್ತೆಯ ಮೇಲೆ ಬೀಳುವ ಬದಲು ಎದುರು ಕಟ್ಟಡದ ಮೂರನೇ ಮಹಡಿಯ ಸ್ನಾನದ ಮನೆಗೆ ಬಿತ್ತು. ಅಲ್ಲಿಂದ ಯಾರೋ ಕೂಗಿದ್ದು ಇಡೀ ಬೀದಿಗೆ ಕೇಳಿಸಿತು. ಅದನ್ನು ಇಲ್ಲಿ ಬರೆಯುವಂತಿಲ್ಲ.

"ಭಾರ ಜಾಸ್ತಿ ಆಯ್ತೇನೋ ರೀ," ಎಂದಳು ಹೆಂಡತಿ.

"ಭಾರ ಸರಿಯಾಗೇ ಇದೆ. ಕಮಾನು ಸೋತಿದೆ," ಎಂದರು ಸಾಹೇಬರು.

ಮರುದಿನ ಗಾಡಿ ಕಮಾನು ಮೇಸ್ತ್ರಿಯ ಶೆಡ್ಡಿಗೆ ಹೋಯಿತು. ಮೇಸ್ತ್ರಿ ಮಿತಭಾಷಿ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಗಾಡಿಯ ಕೆಳಗೆ ತೂರಿ, ಚಕ್ರದ ಅಚ್ಚಿನ ಮೇಲೆ ಬಿಲ್ಲಿನಂತೆ ಬಾಗಿ ಕೂತಿರಬೇಕಾದ ಕಮಾನಿನ ಉಕ್ಕಿನ ಪ್ಲೇಟುಗಳನ್ನು ನೋಡಿದ. ಅವು ಬಾಗುವುದನ್ನು ಬಿಟ್ಟು ಉದ್ದಕ್ಕೆ ಮಲಗಿಬಿಟ್ಟಿದ್ದವು.

"ಮೇಲಿರೋದು ಎಷ್ಟು ಭಾರ?"

"ಆರುನೂರು."

"ತೂಗಿದ್ರಾ?"

ಸಾಹೇಬರು ಎದೆ ಉಬ್ಬಿಸಿದರು. "ಯಾರನ್ನ ಕೇಳ್ತಾ ಇದೀರಿ ಗೊತ್ತಾ?"

ಮೇಸ್ತ್ರಿ ಅವತ್ತಿನ ಮಾತಿನ ಕೋಟಾ ಉಳಿಸಿಕೊಂಡು, ಎರಡೂ ಕಡೆ ಎರಡೆರಡು ಪ್ಲೇಟು ಸೇರಿಸಿದ.

ಗಾಡಿ ಎದ್ದಿತು. ಪೂರ್ತಿಯಾಗಿ ಏಳಲಿಲ್ಲ, ಬಲಗಡೆ ಎದ್ದು ಎಡಗಡೆ ಕೂತೇ ಇತ್ತು. ಬಡಗಿ ಭಾವಮೈದುನ ಒಲೆ, ಕಪಾಟು, ನೀರಿನ ಟ್ಯಾಂಕು ಮೂರನ್ನೂ ಎಡಕ್ಕೇ ಇಟ್ಟಿದ್ದ. ಅಕ್ಕ ಅಡುಗೆ ಮಾಡುವಾಗ ಕಿಟಕಿಯಿಂದ ಸಮುದ್ರ ಕಾಣಲಿ ಎಂದು. ಪ್ರಯಾಣಕ್ಕೆ ಜೊತೆಯಾಗಲಿದ್ದ ಅತ್ತೆಯವರು ಒಳಗೆ ಹೋಗಿ, ಹಾಸಿಗೆಯ ಮೇಲೆ ಮಲಗಿ ನೋಡಿದರು. ಎರಡು ಉರುಳು ಉರುಳಿ ಗೋಡೆಗೆ ಅಂಟಿಕೊಂಡರು.

"ಅಳಿಯಂದಿರೇ, ಮನೆ ಚೆನ್ನಾಗಿದೆ," ಎಂದರು ಗೋಡೆಯ ಕಡೆಯಿಂದ. "ಆದ್ರೆ ಬೀಳೋ ಮನೆ."

ಸಾಹೇಬರು ಮತ್ತೆ ಶೆಡ್ಡಿಗೆ ಹೋಗಿ ಎಡಗಡೆಗೆ ಇನ್ನೊಂದು ಪ್ಲೇಟು ಹಾಕಿಸಿದರು. ಈಗ ಗಾಡಿ ಸಮ ನಿಂತಿತು. ಅಂಗಳದಲ್ಲಿ ನಿಂತು ಮನಸಾರೆ ನೋಡಿ ಒಳಗೆ ಹೋಗಿ ಟೀ ಕುಡಿದು ಬರುವಷ್ಟರಲ್ಲಿ ಅದು ಬಲಕ್ಕೆ ವಾಲಿಕೊಂಡಿತ್ತು! ಅತ್ತೆಯವರು ಟ್ಯಾಂಕಿನ ನಲ್ಲಿ ಬಿಟ್ಟು ಪಾತ್ರೆ, ನೆಲ, ಮೆಟ್ಟಿಲು, ಕೊನೆಗೆ ಬೀದಿಯ ಗಿಡ, ಎಲ್ಲವನ್ನೂ ತೊಳೆದಿದ್ದರು. ಟ್ಯಾಂಕು ಖಾಲಿ.

"ಇನ್ನು ಮೇಲೆ ಈ ಟ್ಯಾಂಕು ಯಾವಾಗ್ಲೂ ತುಂಬಿರ್ಬೇಕು," ಎಂದು ಸಾಹೇಬರು ಆಜ್ಞೆ ಹೊರಡಿಸಿದರು. "ಯಾರೂ ನೀರು ಮುಟ್ಬಾರ್ದು."

"ಹಾಗಾದ್ರೆ ನೀರು ಯಾಕ್ರೀ?" ಎಂದಳು ಹೆಂಡತಿ.

"ಸಮತೋಲನಕ್ಕೆ!"

ಅತ್ತ ಕ್ಯಾಂಪರನ್ನು ನಾಲ್ಕು ಕಾಲಿನ ಮೇಲೆ ಅಂಗಳದಲ್ಲಿ ಇಳಿಸಿಟ್ಟು, ಖಾಲಿ ಗಾಡಿಯಲ್ಲಿ ಕೆಲಸಕ್ಕೆ ಹೊರಟರೆ ಅದೊಂದು ಬೇರೆಯೇ ಕಥೆ. ಮನೆ ಹೊರಲೆಂದು ಬಿಗಿದ ಕಮಾನುಗಳಿಗೆ ಹೊರಲು ಏನೂ ಇಲ್ಲದೆ ಮೈಯೆಲ್ಲ ಹುರುಪು. ರಸ್ತೆಯ ಮೇಲೆ ಒಂದು ಕಲ್ಲು ಸಿಕ್ಕರೆ ಸಾಕು, ಗಾಡಿ ಕುದುರೆಯಂತೆ ನೆಗೆಯುತ್ತಿತ್ತು. ಸಾಹೇಬರ ತಲೆ ಛಾವಣಿಗೆ ಬಡಿಯುತ್ತಿತ್ತು. ಊಟದ ಡಬ್ಬಿ ತೆರೆದರೆ ಅನ್ನ, ಪಲ್ಯ, ಮೊಸರು ಮೂರೂ ಒಂದಾಗಿ, ಯಾವುದು ಯಾವುದೆಂದು ಪಂಚಾಯಿತಿ ಮಾಡಬೇಕಾಗುತ್ತಿತ್ತು. ಕೆಲಸದ ಜಾಗದಲ್ಲಿ ಎರಡನೇ ಪಾಳಿಗೆ ಬರುವ ಮೇಡಂ ಸಾಹೇಬರ ಹಣೆಯ ಬುಗುಟು ನೋಡಿದರು. ಹನ್ನೆರಡು ವರ್ಷ ಜೊತೆಗೆ ಕೆಲಸ ಮಾಡಿದರೂ ನಕ್ಕದ್ದು ಕಂಡಿಲ್ಲದ, ಪ್ರತಿ ಗಾಡಿಯನ್ನೂ ಹತ್ತಿಸಿ ತೂಗಿಯೇ ಕಳಿಸುವ ಹೆಂಗಸು.

"ಏನ್ ಸಾರ್, ಮನೇಲಿ ಎಲ್ಲ ಸೌಖ್ಯಾನಾ?"

"ಕಮಾನು ಮೇಡಂ, ಕಮಾನು!"

"ಕ್ಯಾಂಪರ್ ಕಟ್ಸಿದೀರಂತೆ. ಇಲ್ಲೇ ತಂದು ಒಂದ್ಸಲ ಹತ್ತಿಸ್ಬಿಡಿ. ಎರಡು ನಿಮಿಷದ ಕೆಲಸ."

ಅಲ್ಲೇ ಇದ್ದದ್ದು ನೋಡಿ ತೊಡಕು! ಹೆಂಡತಿಯೂ ಅದನ್ನೇ ಹೇಳಿದ್ದಳು, ಬಡಗಿಯೂ ಅದನ್ನೇ ಹೇಳಿದ್ದ, ಮೇಸ್ತ್ರಿ ತನ್ನ ಹತ್ತು ಮಾತಿನಲ್ಲಿ ಒಂದನ್ನು ಅದಕ್ಕೇ ಖರ್ಚು ಮಾಡಿದ್ದ. ಊರಿನ ಲಾರಿಗಳನ್ನೆಲ್ಲ ತೂಗುವ ಮನುಷ್ಯನಿಗೆ ತನ್ನ ಗಾಡಿಯನ್ನು ತೂಗಲು ಎರಡು ನಿಮಿಷ ಸಾಕಿತ್ತು. ಆದರೆ ತೂಗಿ, ಅಕಸ್ಮಾತ್ ಆರುನೂರೈವತ್ತು ಬಂದರೆ? ಆ ಕೆಂಪು ಅಂಕಿ ಮೇಡಂಗೆ ಕಾಣುತ್ತದೆ. ಮೇಡಂ ನಗುವುದಿಲ್ಲ, ಸುಮ್ಮನೆ ನೋಡುತ್ತಾರೆ. ಅದು ಇನ್ನೂ ಕಷ್ಟ.

"ಅಗತ್ಯ ಇಲ್ಲ ಮೇಡಂ. ಗಾಡಿ ನೆಟ್ಟಗೆ ನಿಂತ್ರೆ ತೂಕ ಸರಿ ಇದೆ ಅಂತಾನೇ ಅರ್ಥ," ಎಂದು ಸಾಹೇಬರು ತಲೆ ಸವರಿಕೊಂಡು ಹೊರಟರು.

ಹೊರಡಲು ಎರಡು ದಿನವಿದ್ದಾಗ, ಹಾಸಿಗೆ, ಪಾತ್ರೆ, ಮಡಚುವ ಕುರ್ಚಿ ಮೇಜುಗಳೆಲ್ಲ ಒಳಸೇರಿದವು. ಗಾಡಿ ಮತ್ತೆ ಹಿಂದಕ್ಕೆ ಕೂತಿತು. ಈ ಸಲ ಮೇಸ್ತ್ರಿ ಅಚ್ಚಿಗೂ ಚೌಕಟ್ಟಿಗೂ ನಡುವೆ ಎರಡು ರಬ್ಬರಿನ ಗಾಳಿಚೀಲ ಇಟ್ಟ. ಪಂಪಿನಿಂದ ಗಾಳಿ ತುಂಬಿದಂತೆ ಗಾಡಿ ಮೆಲ್ಲಗೆ, ಗಂಭೀರವಾಗಿ, ರಾಜರು ಸಿಂಹಾಸನದಿಂದ ಏಳುವಂತೆ ಎದ್ದು ನಿಂತಿತು. ಹಿಂದೆ ಮುಂದೆ ಸಮ, ಎಡ ಬಲ ಸಮ. ಸಾಹೇಬರ ಕಣ್ಣಲ್ಲಿ ನೀರು ಬಂತು.

"ನೋಡೇ! ನೋಡು! ಗೆರೆ ಎಳೆದ ಹಾಗಿದೆ!"

ಹೆಂಡತಿ ಬಗ್ಗಿ ನೋಡಿದಳು. ದಿನಕ್ಕೆರಡು ಸಲ ವ್ಯಾನಿನ ಟೈರು ಒದ್ದು ನೋಡುವ ಅಭ್ಯಾಸ ಅವಳದು. "ಮೇಲೆ ಗೆರೆ ಎಳೆದ ಹಾಗಿದೆ, ಸರಿ. ಕೆಳಗೆ ಟೈರಿನ ಹೊಟ್ಟೆ ನೋಡಿ, ಬಸುರಿ ಥರ ಇದೆ. ಕಮಾನು ಎತ್ತಿ ಹಿಡಿದ ಮಾತ್ರಕ್ಕೆ ಭಾರ ಎಲ್ಲಿಗ್ರೀ ಹೋಗುತ್ತೆ? ಟೈರಿಗೂ ಬ್ರೇಕಿಗೂ ಗೊತ್ತಾಗಲ್ವಾ?"

"ನಿಂದು ವ್ಯಾನು ಕಣೇ. ಇದು ಸರಕು ಸಾಗಿಸೋ ಗಾಡಿ. ಇದರ ಶಾಸ್ತ್ರ ಬೇರೆ."

ಹೆಂಡತಿ ಎದ್ದು ನಿಂತು ಹೇಳಿದಳು: "ಶಾಸ್ತ್ರ ಯಾವುದಾದ್ರೂ ಇರ್ಲಿ. ದಾರೀಲಿ ಏನಾದ್ರೂ ಆಗಿ ಅರ್ಧದಿಂದ ವಾಪಸ್ ಬಂದು ಈ ಸಲಾನೂ ತಪ್ಪಿಹೋದ್ರೆ ನಂಗೆ ನಿಜವಾಗ್ಲೂ ಅಳು ಬರುತ್ತೆ ರೀ. ತಮಾಷೆಗೆ ಹೇಳ್ತಾ ಇಲ್ಲ."

ಸಾಹೇಬರಿಗೆ ಎದೆಯಲ್ಲೆಲ್ಲೋ ಚುರ್ ಎಂದಿತು. ಚುರ್ ಎಂದದ್ದನ್ನು ಎದೆಯಲ್ಲೇ ಅದುಮಿ, ಗಾಳಿಚೀಲಕ್ಕೆ ಇನ್ನೊಂದು ಹತ್ತು ಪಂಪು ಹೊಡೆದರು.

ಹೊರಟ ದಿನ ಬೆಳಗ್ಗೆ ಬೀದಿಯವರೆಲ್ಲ ಕೈಬೀಸಿದರು. ಸಾಹೇಬರು ಸ್ಟಿಯರಿಂಗ್ ಹಿಡಿದಿದ್ದರು, ಅತ್ತೆಯವರು ನಡುವೆ, ಹೆಂಡತಿ ಕಿಟಕಿಗೆ. ಹಿಂದೆ ಮನೆ. ಸೇತುವೆ ದಾಟಿದರು, ಪೆಟ್ರೋಲ್ ಬಂಕು ದಾಟಿದರು. ಅರ್ಧ ಗಂಟೆಯಲ್ಲಿ ಸಾಹೇಬರದೇ ವೇಬ್ರಿಡ್ಜು ಬಂತು. ಸಮುದ್ರಕ್ಕೆ ಹೋಗುವ ರಸ್ತೆ ಅದೊಂದೇ, ಸರಕು ಗಾಡಿಗಳೆಲ್ಲ ಅಲ್ಲಿ ನಿಂತೇ ಹೋಗಬೇಕು. ಸಾಹೇಬರ ರಜೆಯ ಲೆಕ್ಕದಲ್ಲಿ ಅವತ್ತು ಬೆಳಗಿನ ಪಾಳಿಗೂ ಮೇಡಮ್ಮೇ ಕೂತಿದ್ದರು. ಮುಂದೆ ಆರು ಲಾರಿಗಳ ಸಾಲು.

"ನನ್ನ ಮುಖ ಕಂಡ್ರೆ ಸಾಕು, ಬಿಟ್ಬಿಡ್ತಾರೆ," ಎಂದು ಸಾಹೇಬರು ಕಿಟಕಿಯಿಂದ ತಲೆ ಹೊರಹಾಕಿ ಕೈಬೀಸಿದರು. "ಮೇಡಂ! ಹಿಂಭಾಗ ನೋಡಿ! ನೆಟ್ಟಗಿದೆ!"

"ಹತ್ತಿಸಿ ಸಾರ್," ಎಂದರು ಮೇಡಂ.

"ಅಲ್ಲ ಮೇಡಂ, ನಾನು..."

"ಹಿಂಭಾಗ ನೋಡಿ ಬಿಡೋದು ನಿಮ್ಮ ಪಾಳೀಲಿ. ಹತ್ತಿಸಿ."

ಹತ್ತಿಸಿದರು. ಕಬ್ಬಿಣದ ಹಾಸು ಒಮ್ಮೆ ನರಳಿತು. ನೆತ್ತಿಯ ಹಲಗೆಯಲ್ಲಿ ಕೆಂಪು ಅಂಕಿಗಳು ಓಡಿ ಓಡಿ ನಿಂತವು. ಆ ಗಾಡಿಗೆ ಜನ, ಸಾಮಾನು ಎಲ್ಲ ಸೇರಿ ಇದ್ದ ಮಿತಿ ಎರಡು ಸಾವಿರದ ಎಂಟುನೂರು. ಹಲಗೆ ತೋರಿಸಿದ್ದು ಮೂರು ಸಾವಿರದ ನೂರ ಅರವತ್ತೈದು.

"ಮುನ್ನೂರ ಅರವತ್ತೈದು ಕಿಲೋ ಜಾಸ್ತಿ," ಎಂದರು ಮೇಡಂ, ಮಳೆ ಬರಬಹುದು ಎನ್ನುವಷ್ಟೇ ಸಹಜವಾಗಿ.

"ಯಂತ್ರ ಕೆಟ್ಟಿದೆ!"

"ಮೊನ್ನೆ ತಾನೇ ಪರೀಕ್ಷೆ ಆಯ್ತು ಸಾರ್. ಸರಿಯಿದೆ ಅಂತ ಸಹಿ ಹಾಕಿದ್ದು ನೀವೇ."

ಹಿಂದಿನ ಲಾರಿಯಿಂದ ಡ್ರೈವರೊಬ್ಬ ಇಳಿದು ಬಂದ. ಅವನ ಹಿಂದೆ ಇನ್ನೊಬ್ಬ. ಸುದ್ದಿ ಸಾಲಿನುದ್ದಕ್ಕೂ ಹರಿಯಿತು: ತಕ್ಕಡಿ ಸಾಹೇಬರು ಲೋಡ್ ಜಾಸ್ತಿ ಆಗಿ ಸಿಕ್ಕಿಬಿದ್ದಿದ್ದಾರೆ! ಹತ್ತೊಂಬತ್ತು ವರ್ಷ ಅವರ ಅರೆಗಣ್ಣಿಗೆ ಸಿಕ್ಕಿ ಚೀಲ ಇಳಿಸಿದವರೆಲ್ಲ ಟೀ ಲೋಟ ಹಿಡಿದು ಬಂದು ಸುತ್ತ ನಿಂತರು. ಮದುವೆ ಮನೆಯಲ್ಲೂ ಅಷ್ಟು ನಗುಮುಖಗಳು ಒಟ್ಟಿಗೆ ಕಾಣಸಿಗುವುದಿಲ್ಲ.

"ಇಳಿಸೋಕೆ ಕೈ ಹಾಕ್ಲಾ ಸಾಹೇಬ್ರೇ? ನಮಗೆ ಅಭ್ಯಾಸ ಇದೆ," ಎಂದ ಒಬ್ಬ, ಬಹಳ ವಿನಯದಿಂದ.

ಮೊದಲು ಟ್ಯಾಂಕಿನ ನೀರು ಬಿಟ್ಟರು. ನೂರಿಪ್ಪತ್ತು ಕಿಲೋ ಇಳಿಯಿತು. ಗಾಡಿ ಬಲಕ್ಕೆ ವಾಲಿತು. ಒಳಗಿದ್ದ ಅತ್ತೆಯವರು ಅಳಿಯನ ಮೇಲೆ ವಾಲಿ, "ಮತ್ತೆ ಶುರುವಾಯ್ತು," ಎಂದರು. ಆಮೇಲೆ ಸಾಹೇಬರು ದಾರಿಗೆ ಬೇಕಾದೀತೆಂದು ತುಂಬಿಕೊಂಡಿದ್ದ ಎರಡು ಜಾಕು, ಪಾನಾ ಪೆಟ್ಟಿಗೆ, ಕಮಾನು ಮುರಿದರೆ ಇರಲಿ ಎಂದು ಕಟ್ಟಿಕೊಂಡಿದ್ದ ಇನ್ನೊಂದು ಜೊತೆ ಕಮಾನು. ತೊಂಬತ್ತು ಕಿಲೋ! ಭಾರ ಹೊರಲೆಂದು ತಂದದ್ದೇ ಭಾರವಾಗಿ ಕೂತಿತ್ತು. ಆಮೇಲೆ ಕುರ್ಚಿ, ಮೇಜು, ಬಟ್ಟೆಯ ಚಪ್ಪರ, ಅದರ ಕಬ್ಬಿಣದ ಕಂಬಗಳು. ಎಪ್ಪತ್ತು. ಎಲ್ಲವೂ ಕೋಣೆಯ ಪಕ್ಕದ ಗೋಡೆಗೆ ಒರಗಿ ನಿಂತವು. ಪ್ರತಿ ಸಲವೂ ಸಾಹೇಬರು ಇಳಿದು, ಹೊತ್ತು, ಬಂದು ಸೀಟಿನಲ್ಲಿ ಕೂತು ಹಲಗೆ ನೋಡಬೇಕು.

"ಇನ್ನೂ ಎಂಬತ್ತೈದು ಇದೆ," ಎಂದರು ಮೇಡಂ.

ಇಳಿಸಲು ಇನ್ನೇನೂ ಉಳಿದಿರಲಿಲ್ಲ. ಹಾಸಿಗೆ ಬಿಟ್ಟರೆ ಮಲಗುವುದೆಲ್ಲಿ, ಒಲೆ ಬಿಟ್ಟರೆ ತಿನ್ನುವುದೇನು? ಉಳಿದದ್ದೆಲ್ಲ ಬಡಗಿ ಭಾವಮೈದುನ ಅಕ್ಕನ ಮೇಲಿನ ಪ್ರೀತಿಯಿಂದ ಹೊಡೆದ ಮೊಳೆ, ಗಟ್ಟಿ ಮರ. ಅದನ್ನು ಕಳಚಬೇಕಾದರೆ ಕೊಡಲಿಯೇ ಬೇಕು. ಸಾಹೇಬರು ಹೆಂಡತಿಯ ಕಡೆ ನೋಡಿದರು. ಅವಳು ರಸ್ತೆಯನ್ನೇ ನೋಡುತ್ತಿದ್ದಳು, ಕಣ್ಣು ತುಂಬಿತ್ತು. ಬೈದಿದ್ದರೆ ಎಷ್ಟೋ ವಾಸಿ ಅನಿಸಿತು ಸಾಹೇಬರಿಗೆ.

"ನಾನಿಲ್ಲೇ ಇಳೀತೀನಿ," ಎಂದರು ಅತ್ತೆಯವರು. "ನೀವಿಬ್ರೂ ಹೋಗಿ ಬನ್ನಿ."

"ನೀವು ಐವತ್ತು ಕಿಲೋನೂ ಇರಲ್ಲ ಅಮ್ಮ, ಸಾಲಲ್ಲ," ಎಂದರು ಮೇಡಂ ಕಿಟಕಿಯಿಂದ. ಕಾನೂನು ಅಂದರೆ ಕಾನೂನು.

ಸಾಹೇಬರಿಗೆ ಬೆವರು ಕಿತ್ತುಕೊಂಡು ಬಂತು. ಕೆಳಗಿಳಿದು, ಹಾಸಿನ ಆಚೆ ನಿಂತು, ಕರ್ಚೀಫು ತೆಗೆದು ಮುಖ ಒರೆಸಿಕೊಂಡರು. ಅಷ್ಟರಲ್ಲಿ ಲಾರಿಯವರೆಲ್ಲ "ಹೋ!" ಎಂದು ಕೂಗಿದರು. ಸಾಹೇಬರು ತಲೆ ಎತ್ತಿ ನೋಡಿದರು. ಹಲಗೆಯ ಮೇಲೆ ಎರಡು ಸಾವಿರದ ಎಂಟುನೂರು!

"ಬಂತು! ಸರಿಹೋಯ್ತು! ನಾ ಹೇಳ್ಲಿಲ್ವಾ, ಯಂತ್ರಾನೇ ಸರಿ ಇರ್ಲಿಲ್ಲ!" ಸಾಹೇಬರು ಓಡಿ ಬಂದು ಸೀಟಿಗೆ ನೆಗೆದು, ಕೀಲಿಗೆ ಕೈ ಹಾಕಿದರು.

ಎರಡು ಸಾವಿರದ ಎಂಟುನೂರ ಎಂಬತ್ತೈದು.

ಇಳಿದರು. ಎರಡು ಸಾವಿರದ ಎಂಟುನೂರು. ಹತ್ತಿದರು. ಎಂಬತ್ತೈದು ಜಾಸ್ತಿ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನೋಡಿದರು. ಅಂಕಿಗಳು ತಬ್ಬಿಬ್ಬಾಗಿ ಮೇಲೆ ಕೆಳಗೆ ಆಡಿದವು. ಮೂರನೇ ಸಲ ಹತ್ತಿ ಇಳಿಯುವ ಹೊತ್ತಿಗೆ ಲಾರಿಯವರು ತಾಳ ಹಾಕಿ ಎಣಿಸತೊಡಗಿದ್ದರು. ಇಡೀ ಹೆದ್ದಾರಿಗೆ ಅರ್ಥವಾಗಿದ್ದದ್ದು ಕೊನೆಗೆ ಸಾಹೇಬರಿಗೂ ಅರ್ಥವಾಯಿತು.

ಅವರು ನಿಧಾನವಾಗಿ ಕಿಟಕಿಯ ಹತ್ತಿರ ಬಂದು ಕೀಲಿಯನ್ನು ಹೆಂಡತಿಯ ಕೈಯಲ್ಲಿಟ್ಟರು.

"ನೀನೇ ಓಡ್ಸು. ನಂಗಿಂತ ಚೆನ್ನಾಗೇ ಓಡಿಸ್ತೀಯ," ಎಂದರು. "ತಪ್ಪಾಯ್ತು ಕಣೇ. ಎರಡು ನಿಮಿಷದ ಕೆಲಸ ಇತ್ತು. ನಾನು ಮಾಡ್ಲಿಲ್ಲ. ನೀವಿಬ್ರೂ ಹೋಗಿ, ನಾನು ಬಸ್ಸಲ್ಲಿ ಬರ್ತೀನಿ."

ಹೆಂಡತಿ ಅವರ ಮುಖವನ್ನು ನೋಡಿದಳು. ಕಣ್ಣಲ್ಲಿ ನಿಂತಿದ್ದ ನೀರು ಕೆನ್ನೆಗೆ ಇಳಿಯಿತು, ಇಳಿಯುತ್ತಿದ್ದಂತೆ ನಗುವೂ ಬಂತು. ಇಳಿದು ಸುತ್ತಿ ಬಂದು ಸ್ಟಿಯರಿಂಗ್ ಮುಂದೆ ಕೂತಳು, ಸೀಟನ್ನು ಮುಂದಕ್ಕೆಳೆದಳು, ಕನ್ನಡಿ ತಿರುಗಿಸಿದಳು. ಹನ್ನೊಂದು ವರ್ಷದ ಕೈ, ಎರಡು ಕ್ಷಣದಲ್ಲಿ ಎಲ್ಲವನ್ನೂ ಸರಿಮಾಡಿಕೊಂಡಿತು.

ಮೇಡಂ ಚೀಟಿ ಪುಸ್ತಕ ಹಿಡಿದು ಹೊರಬಂದರು. ಇಳಿಸಿದ ಸರಕಿನ ಕಾಲಂ ತುಂಬದೆ ಗಾಡಿ ಬಿಡುವಂತಿಲ್ಲ. ಜಾಕು ಬರೆದರು, ಕಮಾನು ಬರೆದರು, ಕುರ್ಚಿ ಮೇಜು ಬರೆದರು. ಆಮೇಲೆ ಕನ್ನಡಕದ ಮೇಲಿಂದ ಸಾಹೇಬರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, "ಗಂಡ, ಒಂದು, ಎಂಬತ್ತೈದು ಕಿಲೋ," ಎಂದು ಗಟ್ಟಿಯಾಗಿ ಓದುತ್ತ ಬರೆದುಕೊಂಡರು.

"ಒಡೆಯೋ ಸಾಮಾನೇನಮ್ಮ?" ಎಂದು ಕೇಳಿದರು ಹೆಂಡತಿಯನ್ನು. "ಅದಕ್ಕೊಂದು ಕಾಲಂ ಇದೆ."

"ಇಲ್ಲ ಮೇಡಂ, ಗಟ್ಟಿ ಇದೆ. ಸದ್ದು ಸ್ವಲ್ಪ ಜಾಸ್ತಿ." ಹೆಂಡತಿ ಗಾಡಿ ಸ್ಟಾರ್ಟ್ ಮಾಡಿದಳು. "ನಾಲ್ಕು ಗಂಟೆ ಬಸ್ಸಿಗೆ ಹತ್ತಿಸ್ಬಿಡಿ. ಅಲ್ಲೀವರೆಗೂ ನೆರಳಲ್ಲಿ ಇಟ್ಟಿರಿ."